ಪೆಟ್ಟಿಗೆಯೊಳಗೆ ಕೂತವರು ಯಾರು?



ಮೊನ್ನೆ ಕಾರ್ಯಕ್ರಮದ ಮಧ್ಯೆ ಡೊಂಬಿವಲಿಯಿಂದ ಹಿರಿಯರೊಬ್ಬರು ಫೋನ್ ಮಾಡಿದ್ದರು. ಹಾಡಿನ ಕೋರಿಕೆ ಹೇಳಿ ಮುಗಿಸಿ, "ಅಲ್ಲಮ್ಮಾ, ಈಗ ಕಂಪ್ಯೂಟರೇ ಕನ್ನಡದಲ್ಲಿ ವಾರ್ತೆ ಓದುತ್ತದಂತಲ್ಲ, ಇನ್ನು ನಿಮ್ಮ ಕೆಲಸ ಎಷ್ಟು ದಿನ?" ಎಂದು ಕೇಳಿಬಿಟ್ಟರು. ನಾನು ನಕ್ಕು ಹಾಡು ಹಾಕಿದೆ. ಆದರೆ ಹಾಡು ಮುಗಿಯುವವರೆಗೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಅವರು ಹೇಳಿದ್ದು ಸುಳ್ಳಲ್ಲ. 2023ರ ಜುಲೈಯಲ್ಲೇ ಕನ್ನಡದ ಸುದ್ದಿ ವಾಹಿನಿಯೊಂದು ಕಂಪ್ಯೂಟರ್ ಸೃಷ್ಟಿಸಿದ ವಾರ್ತಾ ವಾಚಕಿಯನ್ನು ಪರದೆಗೆ ತಂದಿತ್ತು.

ಯಂತ್ರಕ್ಕೆ ಎಷ್ಟು ಬುದ್ಧಿ ಇದೆ? ಅದು ನಮ್ಮ ಅನ್ನಕ್ಕೆ ಕೈ ಹಾಕುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ನಾವು ಒಟ್ಟಿಗೇ ಕೇಳುತ್ತೇವೆ. ಇತಿಹಾಸ ನೋಡಿದರೆ ಇವು ಬೇರೆ ಬೇರೆ ಪ್ರಶ್ನೆಗಳು. ಒಂದರ ಉತ್ತರದಿಂದ ಇನ್ನೊಂದನ್ನು ಊಹಿಸಲು ಹೋದವರು ಹಲವು ಸಲ ತಪ್ಪಿದ್ದಾರೆ.

ಕಥೆ ಶುರುವಾಗುವುದು 1770ರ ವಿಯೆನ್ನಾದಲ್ಲಿ. ವೋಲ್ಫ್‌ಗಾಂಗ್ ಫಾನ್ ಕೆಂಪೆಲನ್ ಎಂಬಾತ ಮಹಾರಾಣಿ ಮರಿಯಾ ತೆರೇಸಾಳ ಮುಂದೆ ಚದುರಂಗ ಆಡುವ ಯಂತ್ರವೊಂದನ್ನು ತಂದಿಟ್ಟ. ದೊಡ್ಡ ಪೆಟ್ಟಿಗೆ, ಅದರ ಹಿಂದೆ ಪೇಟ ಸುತ್ತಿದ ತುರ್ಕಿಯವನ ಗೊಂಬೆ. ಪೆಟ್ಟಿಗೆಯ ಬಾಗಿಲು ತೆರೆದರೆ ಕಾಣುವುದು ಗಾಲಿ, ಹಲ್ಲುಚಕ್ರ. ಗೊಂಬೆ ಕೈ ಚಾಚಿ ಕಾಯಿ ನಡೆಸುತ್ತಿತ್ತು, ಗೆಲ್ಲುತ್ತಿತ್ತು! 1809ರಲ್ಲಿ ನೆಪೋಲಿಯನ್ ಅದಕ್ಕೆ ಸೋತ. ಮುಂದೆ ಗಣಕಯಂತ್ರದ ಕಲ್ಪನೆ ಕೊಟ್ಟ ಚಾರ್ಲ್ಸ್ ಬ್ಯಾಬೇಜ್ ಕೂಡ 1820ರಲ್ಲಿ ಆಡಿ ಸೋತ. ಗುಟ್ಟು ಏನೆಂದರೆ, ಪೆಟ್ಟಿಗೆಯೊಳಗೆ ನುರಿತ ಆಟಗಾರನೊಬ್ಬ ಮೇಣದ ಬತ್ತಿ ಹಚ್ಚಿಕೊಂಡು ಮುದುರಿ ಕೂತಿರುತ್ತಿದ್ದ. ಕೈ ಯಂತ್ರದ್ದು, ಬುದ್ಧಿ ಮನುಷ್ಯನದು.

ಮೋಸವೇನೋ ಬಯಲಾಯಿತು. ಆದರೆ ಚದುರಂಗ ಬಂದರೆ ಬುದ್ಧಿ ಇದೆ ಎಂಬ ನಂಬಿಕೆ ಉಳಿದುಕೊಂಡಿತು. ಅದರ ಪಕ್ಕಕ್ಕೆ ಇನ್ನೊಂದು ಅಳತೆಗೋಲು ಇಟ್ಟವರು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್. 1950ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಅವರು ಹೇಳಿದ್ದು ಇಷ್ಟೇ: ಯಂತ್ರ ಯೋಚಿಸುತ್ತದೆಯೇ ಎಂದು ಜಗಳಾಡಬೇಡಿ, ಮರೆಯಲ್ಲಿ ಒಬ್ಬ ಮನುಷ್ಯ, ಒಂದು ಯಂತ್ರ ಇಟ್ಟು ಬರಹದಲ್ಲಿ ಪ್ರಶ್ನೆ ಕೇಳಿ, ಯಾರು ಯಾರೆಂದು ಗುರುತಿಸಿ. ಸುಮಾರು 50 ವರ್ಷಗಳಲ್ಲಿ 5 ನಿಮಿಷದ ಮಾತಿನ ನಂತರ ಸಾಮಾನ್ಯ ಮನುಷ್ಯ ಸರಿಯಾಗಿ ಗುರುತಿಸುವ ಸಂಭವ ಶೇಕಡಾ 70ಕ್ಕಿಂತ ಹೆಚ್ಚಿರುವುದಿಲ್ಲ ಎಂಬುದು ಅವರ ಅಂದಾಜಾಗಿತ್ತು.

ಈ ಅಳತೆಗೋಲಿನ ದೌರ್ಬಲ್ಯ ಬೇಗನೇ ಕಂಡಿತು. 1966ರಲ್ಲಿ ಅಮೆರಿಕದ ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್ 'ಎಲಿಜಾ' ಎಂಬ ಪ್ರೋಗ್ರಾಂ ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ವಿದ್ಯೆ. ಆದರೂ ಅವರ ಕಾರ್ಯದರ್ಶಿಯೇ ಅದರ ಜೊತೆ ಮಾತಿಗೆ ಕೂತು, ಸ್ವಲ್ಪ ಹೊತ್ತಾದ ಮೇಲೆ ಅವರನ್ನು ಕೋಣೆಯಿಂದ ಹೊರಗೆ ಹೋಗಲು ಹೇಳಿದರಂತೆ!

ಇತ್ತ ಕಾರ್ಖಾನೆಯಲ್ಲಿ ಯಾವ ಪರೀಕ್ಷೆಗೂ ಕೂರದ ಯಂತ್ರವೊಂದು ಸದ್ದಿಲ್ಲದೆ ಕೆಲಸಕ್ಕೆ ಸೇರಿತ್ತು. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಗೆ ಬಂದ 'ಯೂನಿಮೇಟ್' ಬರೀ ಒಂದು ಕೈ. ಅಚ್ಚಿನಿಂದ ಬಂದ ಕಾದ ಲೋಹದ ಭಾಗಗಳನ್ನು ಎತ್ತಿಡುವುದು ಅದರ ಕೆಲಸ. ಅದಕ್ಕೆ ಮಾತೂ ಬಾರದು, ಚದುರಂಗವೂ ಬಾರದು. ದುಡಿಮೆಯ ಲೋಕವನ್ನು ಬದಲಿಸಲು ಹೊರಟದ್ದು ಮಾತ್ರ ಅದೇ.

ಇನ್ನು ನಮ್ಮ ಮುಂಬೈಗೆ ಬರೋಣ. ಇಲ್ಲಿನ ಎಷ್ಟೋ ಕನ್ನಡ ಮನೆಗಳು ಬ್ಯಾಂಕ್ ಗುಮಾಸ್ತಿಕೆಯ ಸಂಬಳದಲ್ಲಿ ನಿಂತವು. ನಮ್ಮ ಚಿಕ್ಕಪ್ಪ ಫೋರ್ಟ್‌ನ ಬ್ಯಾಂಕೊಂದರಲ್ಲಿ ಲೆಡ್ಜರ್ ಬರೆಯುತ್ತಿದ್ದರು. ಸಂಜೆ ಲೆಕ್ಕ 1 ರೂಪಾಯಿ ತಾಳೆಯಾಗದಿದ್ದರೆ ಅಂದು ಮನೆಗೆ ಬರುವುದು ಕೊನೆಯ ಲೋಕಲ್‌ಗೆ. 1983ರಲ್ಲಿ ಬ್ಯಾಂಕ್ ಆಡಳಿತಗಳಿಗೂ ನೌಕರರ ಸಂಘಗಳಿಗೂ ಯಂತ್ರಗಳ ಬಳಕೆಯ ಬಗ್ಗೆ ಒಪ್ಪಂದವಾಯಿತು. 1984ರಲ್ಲಿ ಡಾ. ಸಿ. ರಂಗರಾಜನ್ ಸಮಿತಿಯ ವರದಿ ಬಂತು. ಲೆಡ್ಜರ್ ಪೋಸ್ಟಿಂಗ್ ಮೆಷಿನ್‌ಗಳು ಬಂದವು. 1987ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು ದೇಶದ ಮೊದಲ ಎಟಿಎಂ ಅನ್ನು ಮುಂಬೈಯಲ್ಲೇ ತೆರೆಯಿತು. 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಮಂದಿ ಹೊರಬಂದರು. ಅದಕ್ಕೆ ಕಂಪ್ಯೂಟರ್ ಒಂದೇ ಕಾರಣವಲ್ಲ, ನಿಜ. ಆದರೆ ಲೆಡ್ಜರ್ ಬರೆಯುವ ಕೈಬರಹಕ್ಕೆ ಅಷ್ಟರಲ್ಲಿ ಬೆಲೆ ಹೋಗಿತ್ತು.

ಇದರ ಮಧ್ಯೆ, 1997ರ ಮೇ ತಿಂಗಳಲ್ಲಿ, ಐಬಿಎಂನ 'ಡೀಪ್ ಬ್ಲೂ' ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್‌ರನ್ನು ಸೋಲಿಸಿತು. ಮನುಷ್ಯನ ಬುದ್ಧಿ ಸೋತಿತೆಂದು ಜಗತ್ತೆಲ್ಲ ಸುದ್ದಿ. ಚೆಸ್ ಆಟಗಾರರು ಇಂದಿಗೂ ಆಡುತ್ತಿದ್ದಾರೆ, ಸಂಪಾದಿಸುತ್ತಿದ್ದಾರೆ. ಬುದ್ಧಿಯೇ ಇಲ್ಲದ ಎಟಿಎಂ ಮಾತ್ರ ಕೌಂಟರಿನ ಕೆಲಸವನ್ನೇ ಬದಲಿಸಿತು.

ಬದಲಿಸಿತು ಎಂದೆ, ತೆಗೆದುಹಾಕಿತು ಎನ್ನಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸೆನ್ ಲೆಕ್ಕ ಹಾಕಿ ತೋರಿಸಿದಂತೆ, ಅಲ್ಲಿ ಎಟಿಎಂಗಳು ಲಕ್ಷಗಟ್ಟಲೆ ಬಂದರೂ ಕ್ಯಾಷಿಯರ್‌ಗಳ ಸಂಖ್ಯೆ 1980ರಲ್ಲಿ ಸುಮಾರು 5 ಲಕ್ಷ ಇದ್ದದ್ದು 2010ರ ಹೊತ್ತಿಗೆ ಸುಮಾರು 5.5 ಲಕ್ಷವಾಯಿತು. ಒಂದೊಂದು ಶಾಖೆಗೆ ಬೇಕಾಗುವ ಜನ ಕಡಿಮೆಯಾದರು, ಖರ್ಚು ಇಳಿದದ್ದರಿಂದ ಶಾಖೆಗಳು ಹೆಚ್ಚಿದವು. ನೋಟು ಎಣಿಸುವವರು ಗ್ರಾಹಕರೊಡನೆ ಮಾತಾಡುವವರಾದರು. ಮೊಬೈಲ್ ಬ್ಯಾಂಕಿಂಗ್ ಬಂದ ಮೇಲೆ ಆ ಸಂಖ್ಯೆಯೂ ಇಳಿಯತೊಡಗಿತು. ಒಂದು ಯಂತ್ರ ಉಳಿಸಿದ ಕೆಲಸವನ್ನು ಮುಂದಿನ ಯಂತ್ರವೂ ಉಳಿಸುತ್ತದೆ ಎನ್ನುವಂತಿಲ್ಲ.

ಇನ್ನೊಂದು ಸ್ವಾರಸ್ಯ. ನಮಗೆ ಕಷ್ಟವಾದದ್ದು ಯಂತ್ರಕ್ಕೆ ಸುಲಭ, ನಮಗೆ ಸುಲಭವಾದದ್ದು ಯಂತ್ರಕ್ಕೆ ಕಷ್ಟ ಎಂಬ ಮಾತನ್ನು ರೋಬೋ ತಜ್ಞ ಹಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು. 2015ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ಸ್ಪರ್ಧೆಯಲ್ಲಿ ರೋಬೋಗಳು ಬಾಗಿಲು ತೆರೆಯಲು ಹೋಗಿ ಧೊಪ್ಪನೆ ಬಿದ್ದವು. ಮರುವರ್ಷ ಸಿಯೋಲ್‌ನಲ್ಲಿ 'ಆಲ್ಫಾಗೋ' ಎಂಬ ಪ್ರೋಗ್ರಾಂ ಗೋ ಆಟದಲ್ಲಿ ದಿಗ್ಗಜ ಲೀ ಸೆಡಾಲ್‌ರನ್ನು 4–1ರಿಂದ ಸೋಲಿಸಿತು. ಆಗ ಹಲಗೆಯ ಮೇಲೆ ಆಲ್ಫಾಗೋ ಪರವಾಗಿ ಕಾಯಿ ಇಟ್ಟವರು ಯಾರು ಗೊತ್ತೇ? ಆಜಾ ಹುವಾಂಗ್ ಎಂಬ ಮನುಷ್ಯ! ವಿಯೆನ್ನಾದ ಪೆಟ್ಟಿಗೆ ತಲೆಕೆಳಗಾಗಿತ್ತು. ಈಗ ಬುದ್ಧಿ ಯಂತ್ರದ್ದು, ಕೈ ಮನುಷ್ಯನದು.

ಮಾಟುಂಗಾದ ಉಡುಪಿ ಹೋಟೆಲಿಗೆ ಹೋದಾಗ ಗಮನಿಸಿ. ಬಿಲ್ಲು ಕಂಪ್ಯೂಟರಿನಿಂದ ಬರುತ್ತದೆ, ಹಣ ಮೊಬೈಲಿನಿಂದ ಹೋಗುತ್ತದೆ. ಬಿಸಿ ಲೋಟಗಳನ್ನು ಎತ್ತಿಕೊಂಡು ಜನರ ನಡುವೆ ನುಸುಳಿ ಟೇಬಲ್ ಒರೆಸುವವನು ಇನ್ನೂ ಹುಡುಗನೇ. ಓದಿದವರ ಕೆಲಸ ಭದ್ರ, ಕೈಕೆಲಸದವರದೇ ಮೊದಲು ಹೋಗುತ್ತದೆ ಎಂದುಕೊಂಡಿದ್ದೆವಲ್ಲ?

ಟ್ಯೂರಿಂಗ್ ಅಳತೆಗೋಲೂ ಈಗ ಸವೆದಿದೆ. 2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಸಂಶೋಧಕರ 5 ನಿಮಿಷದ ಪರೀಕ್ಷೆಯಲ್ಲಿ, ಮನುಷ್ಯನಂತೆ ನಟಿಸಲು ಹೇಳಿಕೊಟ್ಟ ಜಿಪಿಟಿ–4.5 ಅನ್ನು ಜನ ಶೇಕಡಾ 73 ಸಲ ಮನುಷ್ಯನೆಂದೇ ತಿಳಿದರು. ಹಾಗಾಗಿ ಅಳೆಯುವವರು ಈಗ ನೇರವಾಗಿ ಕೆಲಸವನ್ನೇ ಅಳೆಯಲು ಹೊರಟಿದ್ದಾರೆ. ಅದೇ ವರ್ಷ ಮೆಟರ್ ಎಂಬ ಸಂಸ್ಥೆ, ಹೆಚ್ಚಾಗಿ ಸಾಫ್ಟ್‌ವೇರ್ ಕೆಲಸಗಳನ್ನು ತೆಗೆದುಕೊಂಡು, ನುರಿತವರಿಗೆ ಎಷ್ಟು ಹೊತ್ತು ಹಿಡಿಯುವ ಕೆಲಸವನ್ನು ಯಂತ್ರ ಎರಡು ಸಲಕ್ಕೆ ಒಂದು ಸಲ ಸರಿಯಾಗಿ ಮಾಡುತ್ತದೆಂದು ನೋಡಿತು. ಆಗಿನ ಉತ್ತಮ ಪ್ರೋಗ್ರಾಂಗೆ ಬಂದ ಉತ್ತರ ಸುಮಾರು 1 ಗಂಟೆ. ಆ ಅವಧಿ ಸುಮಾರು 7 ತಿಂಗಳಿಗೊಮ್ಮೆ ದುಪ್ಪಟ್ಟಾಗುತ್ತಾ ಬಂದಿದೆ ಎಂದೂ ಹೇಳಿತು. ಎರಡಕ್ಕೆ ಒಂದು ಸಲ ತಪ್ಪುವವರನ್ನು ಯಾವ ಕ್ಯಾಷ್ ಕೌಂಟರಿನಲ್ಲೂ ಕೂರಿಸುವುದಿಲ್ಲ ಬಿಡಿ. ಆದರೆ ಆ ಓಟ ಸಣ್ಣದಲ್ಲ.

ಡೊಂಬಿವಲಿಯ ಹಿರಿಯರಿಗೆ ನನ್ನ ಉತ್ತರ ಇದು. ಸರ್, ಬರೆದುಕೊಟ್ಟದ್ದನ್ನು ಓದುವ ಕೆಲಸ ಯಂತ್ರಕ್ಕೆ ಬಂದಿದೆ. ನನ್ನ ಕೆಲಸದಲ್ಲಿ ಅದು ಎಷ್ಟು ಪಾಲು, ನಿಮ್ಮ ಫೋನ್ ಎತ್ತಿ ನಿಮ್ಮ ಮಾತು ಕೇಳುವುದು ಎಷ್ಟು ಪಾಲು ಎಂದು ಲೆಕ್ಕ ಹಾಕುವವರು ಯಾರು ಎಂಬುದೇ ನನ್ನ ಚಿಂತೆ. 1983ರಲ್ಲಿ ಗುಮಾಸ್ತರ ಪರವಾಗಿ ಮೇಜಿನ ಮುಂದೆ ಕೂರಲು ಜನ ಇದ್ದರು. ಈ ಸಲವೂ ಅಳತೆಗೋಲು ಹಿಡಿದವರ ಪಕ್ಕದಲ್ಲಿ, ಆ ಕೆಲಸ ಮಾಡಿ ಗೊತ್ತಿದ್ದವರೂ ಕೂರಬೇಕು.

ನಿಮ್ಮ ಕೆಲಸದಲ್ಲಿ ಯಂತ್ರಕ್ಕೆ ಹೋದದ್ದೆಷ್ಟು, ನಿಮ್ಮಲ್ಲಿ ಉಳಿದದ್ದೆಷ್ಟು? ಬರೆದು ಕಳಿಸಿ. ಮುಂದಿನ ವಾರ ಕಾರ್ಯಕ್ರಮದಲ್ಲಿ ನಾನೇ ಓದುತ್ತೇನೆ.