ಅದೇ ತಂತಿ, ಯಾವ ಆಕಾರ?

ಮೋಟೆಬೆನ್ನೂರಿನಲ್ಲಿ ಮೆಣಸಿನಕಾಯಿ ಒಣಹಾಕುವ ಕಣಕ್ಕೆ ಬೇಲಿ ಕಟ್ಟಬೇಕು, ನಿಮ್ಮ ಬಳಿ 100 ಮೀಟರ್ ತಂತಿ ಇದೆ ಅಂದುಕೊಳ್ಳಿ. ಉದ್ದ 40, ಅಗಲ 10 ಮೀಟರ್ ಇಟ್ಟರೆ ಒಳಗೆ 400 ಚದರ ಮೀಟರ್ ಜಾಗ. ನಾಲ್ಕೂ ಬದಿ 25 ಇಟ್ಟರೆ 625. ಅದನ್ನೇ ದುಂಡಗೆ ಎಳೆದರೆ ಸುಮಾರು 796! ತಂತಿ ಒಂದಿಂಚೂ ಹೆಚ್ಚಲಿಲ್ಲ, ಜಾಗ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಯಿತು.

ದುಂಡಗಿನದೇ ಮೇಲು ಎಂಬುದು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕರಿಗೂ ಗೊತ್ತಿತ್ತು. ಆದರೆ ಬೇಲಿಯನ್ನು ಎಷ್ಟು ಬಗೆಯಲ್ಲಾದರೂ ಬಾಗಿಸಬಹುದು. ಎಲ್ಲವನ್ನೂ ಅಳೆದು ನೋಡುವುದು ಹೇಗೆ?

1696ರಲ್ಲಿ ಯೊಹಾನ್ ಬರ್ನೂಲಿ ಇಂಥದೇ ಇನ್ನೊಂದು ಸವಾಲು ಹಾಕಿದರು. ಎತ್ತರದಿಂದ ಓರೆಯಾಗಿ ಕೆಳಗಿರುವ ಜಾಗಕ್ಕೆ ಗುಂಡು ಜಾರಬೇಕು. ಯಾವ ದಾರಿಯಲ್ಲಿ ಬೇಗ ತಲುಪುತ್ತದೆ? ನೇರ ದಾರಿಯಲ್ಲಲ್ಲ. ಮೊದಲು ಕಡಿದಾಗಿ ಇಳಿದು ವೇಗ ಪಡೆಯುವ ಬಾಗಿದ ದಾರಿಯಲ್ಲಿ. ಚಕ್ಕಡಿ ಗಾಲಿಯ ಅಂಚಿಗೆ ಬಣ್ಣ ಹಚ್ಚಿ ಉರುಳಿಸಿ. ಆ ಗುರುತು ಗಾಳಿಯಲ್ಲಿ ಬರೆಯುವ ಕಮಾನನ್ನು ಬೋರಲು ಹಾಕಿದರೆ ಅದೇ ಆ ದಾರಿ. ಉತ್ತರ ಕಂಡುಕೊಂಡವರಲ್ಲಿ ನ್ಯೂಟನ್ ಕೂಡ ಒಬ್ಬರು.

ಒಂದೊಂದು ಪ್ರಶ್ನೆಗೆ ಒಂದೊಂದು ಜಾಣತನ ಬೇಕಾಗುತ್ತಿತ್ತು. ಎಲ್ಲಕ್ಕೂ ಹೊಂದುವ ವಿಧಾನವನ್ನು 1744ರಲ್ಲಿ ಆಯ್ಲರ್ ಪುಸ್ತಕವಾಗಿ ಕೊಟ್ಟರು. ಆದರೆ ಅದು ಚಿತ್ರಗಳನ್ನೇ ನೆಚ್ಚಿಕೊಂಡಿತ್ತು. 1755ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿದ್ದ ಅವರಿಗೆ ಇಟಲಿಯ ಟುರಿನ್‌ನಿಂದ ಪತ್ರ ಬಂತು. ಬರೆದವರು 19 ವರ್ಷದ ಲಗ್ರಾಂಜ್. ಚಿತ್ರವಿಲ್ಲದೆ, ಬರೀ ಲೆಕ್ಕದಿಂದಲೇ ಅದೇ ಉತ್ತರಕ್ಕೆ ಹೋಗುವ ದಾರಿ ಅದರಲ್ಲಿತ್ತು.

ಅದರ ತಿರುಳು ಇಷ್ಟು. ಗುಡ್ಡದ ನೆತ್ತಿಯಲ್ಲಿ ನಿಂತು ಅರ್ಧ ಹೆಜ್ಜೆ ಆಚೀಚೆ ಇಟ್ಟರೆ ಎತ್ತರ ಬದಲಾಗುವುದೇ ಇಲ್ಲವೆನ್ನಿಸುತ್ತದೆ. ಇಳಿಜಾರಿನಲ್ಲಾದರೆ ಕೂಡಲೇ ಗೊತ್ತಾಗುತ್ತದೆ. ಬೇಲಿಗೂ ಹಾಗೆಯೇ. ಅಷ್ಟೇ ತಂತಿಯಲ್ಲಿ ಅದನ್ನು ತುಸು ಸರಿಸಿದಾಗ ಜಾಗ ಹೆಚ್ಚಾದರೆ, ಅದಿನ್ನೂ ನೆತ್ತಿ ಮುಟ್ಟಿಲ್ಲ.

ಆಯ್ಲರ್‌ಗೆ ಆಗ 48 ವರ್ಷ, ಯುರೋಪಿನಲ್ಲೆಲ್ಲ ಹೆಸರು. ಹುಡುಗನ ವಿಧಾನವೇ ಮೇಲೆಂದು ಅವರು ಒಪ್ಪಿಕೊಂಡರು. ಹುಡುಗನಿಗೆ ಸಲ್ಲಬೇಕಾದ ಹೆಸರು ತಪ್ಪಬಾರದೆಂದು ತಮ್ಮ ಬರಹವನ್ನು ತಡೆಹಿಡಿದರು. ಅದು ಅಚ್ಚಾದದ್ದು ಲಗ್ರಾಂಜ್ ಬರಹ ಹೊರಬಂದ ಮೇಲೆ, 1766ರಲ್ಲಿ. ಈ ಗಣಿತಕ್ಕೆ ‘ಕ್ಯಾಲ್ಕುಲಸ್ ಆಫ್ ವೇರಿಯೇಷನ್ಸ್’, ಅಂದರೆ ಬದಲಾವಣೆಗಳ ಲೆಕ್ಕ, ಎಂದು ಹೆಸರಿಟ್ಟವರೂ ಆಯ್ಲರೇ.

ಇನ್ನು ನಮ್ಮ ದುಂಡು ಬೇಲಿ. 1838ರಲ್ಲಿ ಸ್ಟೈನರ್, ದುಂಡಗಿಲ್ಲದ ಯಾವ ಆಕಾರವನ್ನೂ ತಿದ್ದಿ ಜಾಗ ಹೆಚ್ಚಿಸಬಹುದು ಎಂದು ತೋರಿಸಿದರು. ಆದರೆ ‘ಎಲ್ಲಕ್ಕಿಂತ ದೊಡ್ಡದು’ ಒಂದು ಇದ್ದೇ ಇದೆ ಎಂಬುದಕ್ಕೆ ಅವರು ಆಧಾರ ಕೊಟ್ಟಿರಲಿಲ್ಲ. ಆ ಕೊರತೆ ತುಂಬಿದವರು ವೈಯರ್‌ಸ್ಟ್ರಾಸ್. ಕಣ್ಣಿಗೆ ಕಂಡದ್ದನ್ನು ಸಾಧಿಸಿ ತೋರಿಸಲು ಎರಡು ಸಾವಿರ ವರ್ಷ ಹಿಡಿಯಿತು.

ಹಾಗಾದರೆ ನಮ್ಮ ಹೊಲಗಳೇಕೆ ದುಂಡಗಿಲ್ಲ? ದುಂಡು ಹೊಲಗಳು ಒಂದರ ಪಕ್ಕ ಒಂದು ಬಂದರೆ ನಡುವೆ ಮೂಲೆಗಳು ಬೀಳುಬೀಳುತ್ತವೆ, ಸಾಲು ಹೊಡೆಯುವುದೂ ಕಷ್ಟ. ಯಾವುದು ಉಳಿಯಬೇಕು, ತಂತಿಯೋ ನೆಲವೋ ದುಡಿಮೆಯೋ? ಅದನ್ನು ಮೊದಲು ಗೊತ್ತುಮಾಡಿಕೊಂಡರೆ ಮಾತ್ರ ಒಳ್ಳೆಯ ಆಕಾರ ಯಾವುದೆಂದು ಕೇಳಬಹುದು.