ಇಪ್ಪತ್ತು ನಿಮಿಷದ ತಯಾರಿ, 381 ದಿನದ ನಡಿಗೆ

ಮಾರ್ಟಿನ್ ಲೂಥರ್ ಕಿಂಗ್ ಅಂದ್ರೆ ನಮಗೆಲ್ಲ ನೆನಪಾಗೋದು 1963ರ ವಾಷಿಂಗ್ಟನ್ ಭಾಷಣ. ಆದರೆ ಅವರನ್ನು ನಾಯಕನನ್ನಾಗಿ ಮಾಡಿದ ಭಾಷಣ ಅದಕ್ಕೂ ಸುಮಾರು ಎಂಟು ವರ್ಷ ಹಿಂದಿನದು. ಅದರ ತಯಾರಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ ಅಷ್ಟೇ.

1955ರ ಡಿಸೆಂಬರ್ 1, ಗುರುವಾರ. ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಡಲ್ಲ ಅಂದ ರೋಸಾ ಪಾರ್ಕ್ಸ್ ಬಂಧನವಾಯ್ತು. ಇಷ್ಟು ಎಲ್ಲರಿಗೂ ಗೊತ್ತು. ಆ ರಾತ್ರಿ ಇನ್ನೊಂದು ಕೆಲಸ ನಡೀತು. ಜೋ ಆನ್ ರಾಬಿನ್ಸನ್ ಅನ್ನೋ ಇಂಗ್ಲಿಷ್ ಅಧ್ಯಾಪಕಿ ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಕೂತು ಸಾವಿರಾರು ಕರಪತ್ರ ತೆಗೆದರು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಅನ್ನೋದು ಅದರ ಸಾರಾಂಶ. ಅದು ಸರ್ಕಾರದ ದುಡ್ಡಲ್ಲಿ ನಡೆಯೋ ಕಾಲೇಜು. ಸಿಕ್ಕಿಬಿದ್ದರೆ ನೌಕರಿಗೇ ಕುತ್ತು. ಇದು ಒಂದೇ ರಾತ್ರಿಯ ಆವೇಶವೂ ಅಲ್ಲ. ಬಹಿಷ್ಕಾರ ಆಗಬಹುದು ಅಂತ 1954ರ ಮೇ ತಿಂಗಳಲ್ಲೇ ಅವರು ಮೇಯರ್‌ಗೆ ಪತ್ರ ಬರೆದಿದ್ದರು.

ಸೋಮವಾರ ಬಸ್ಸುಗಳು ಹೆಚ್ಚುಕಡಿಮೆ ಖಾಲಿ ಓಡಿದವು. ಮಧ್ಯಾಹ್ನ ಹೊಸ ಸಂಘ ಕಟ್ಟಿ, 26 ವರ್ಷದ ಪಾದ್ರಿ ಕಿಂಗ್‌ರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚ್ ಒಳಗೂ ಹೊರಗೂ ಸಾವಿರಾರು ಜನ. ನಮ್ಮದು ತಪ್ಪಾದರೆ ಸುಪ್ರೀಂ ಕೋರ್ಟೂ ತಪ್ಪು, ಸಂವಿಧಾನವೂ ತಪ್ಪು ಅನ್ನೋ ಅರ್ಥದಲ್ಲಿ ಕಿಂಗ್ ಮಾತಾಡಿದರು. ವೇದಿಕೆ ಮೇಲಿದ್ದ ರೋಸಾ ಪಾರ್ಕ್ಸ್ ಭಾಷಣ ಮಾಡಲಿಲ್ಲ.

ಚಪ್ಪಾಳೆ ಮುಗೀತು. ಮಂಗಳವಾರ ಬೆಳಗ್ಗೆ ಕೆಲಸಕ್ಕೆ ಹೋಗೋದು ಹೇಗೆ? ಬಸ್ಸಿಲ್ಲದ ದಿನ ದಾರಿ ಎಷ್ಟು ಉದ್ದ ಆಗುತ್ತೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಎರಡು ವರ್ಷ ಹಿಂದೆ ಬ್ಯಾಟನ್ ರೂಜ್‌ನಲ್ಲಿ ಇಂಥದೇ ಬಹಿಷ್ಕಾರ ನಡೆಸಿದ್ದವರನ್ನು ಕೇಳಿ, ಸುಮಾರು 300 ಕಾರುಗಳ ಕಾರ್‌ಪೂಲ್ ಕಟ್ಟಿದರು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಅಂತ ಜಾಗ ಗೊತ್ತು ಮಾಡಿದರು. ಕಾರಲ್ಲಿ ಜಾಗ ಸಿಗದವರು ನಡೆದರು. ಪೊಲೀಸರು ಚಾಲಕರಿಗೆ ದಂಡದ ಮೇಲೆ ದಂಡ ಹಾಕಿದರು. 1956ರ ಜನವರಿ 30ರಂದು ಕಿಂಗ್ ಮನೆಗೆ ಬಾಂಬ್ ಬಿತ್ತು.

ಮೊದಲು ಇವರು ಕೇಳಿದ್ದು ತೀರಾ ಸಣ್ಣದು: ಮರ್ಯಾದೆಯ ಮಾತು, ಮೊದಲು ಬಂದವರಿಗೆ ಸೀಟು, ಕಪ್ಪು ಚಾಲಕರಿಗೂ ಕೆಲಸ. ಅದಕ್ಕೂ ಒಪ್ಪದಿದ್ದಾಗ ನಾಲ್ವರು ಹೆಂಗಸರ ಹೆಸರಲ್ಲಿ ಕೇಸು ದಾಖಲಾಯ್ತು. ಅವರಲ್ಲೊಬ್ಬಳು ಕ್ಲಾಡೆಟ್ ಕಾಲ್ವಿನ್. ರೋಸಾಗಿಂತ ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಲ್ಲಿ, ಸೀಟು ಬಿಡದೆ ಬಂಧನಕ್ಕೊಳಗಾದವಳು.

1956ರ ನವೆಂಬರ್ 13. ಕಾರ್‌ಪೂಲ್ ನಿಲ್ಲಿಸಿ ಅಂತ ಸ್ಥಳೀಯ ಕೋರ್ಟ್ ತಡೆಯಾಜ್ಞೆ ಕೊಟ್ಟ ದಿನ. ಅದೇ ದಿನ, ಬಸ್ಸಿನಲ್ಲಿ ಬಣ್ಣದ ಪ್ರಕಾರ ಕೂರಿಸೋದು ಸಂವಿಧಾನಕ್ಕೆ ವಿರುದ್ಧ ಅನ್ನೋ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೇಸೇನೋ ಗೆದ್ದರು, ಆದರೆ ಆದೇಶದ ಕಾಗದ ಊರು ತಲುಪೋದಕ್ಕೆ ಇನ್ನೂ ಐದು ವಾರ ಬೇಕಾಯ್ತು. ಕಾರೂ ಇಲ್ಲ. ಅಷ್ಟು ದಿನವೂ ಬಸ್ಸು ಹತ್ತದೆ ಉಳಿದರು.

ಒಂದು ತಿರುವು ಅಂದ್ರೆ ನನಗೆ ನೆನಪಾಗೋದು ಮೈಕ್ ಮುಂದಿನ ಆ ಸಂಜೆಗಿಂತ ಹೆಚ್ಚಾಗಿ ಈ ಐದು ವಾರ. ಡಿಸೆಂಬರ್ 21ರಂದು ಅವರು ಮತ್ತೆ ಬಸ್ಸು ಹತ್ತಿದರು, ಬೇಕಾದ ಸೀಟಲ್ಲಿ ಕೂತರು. ರಾಬಿನ್ಸನ್ 1960ರಲ್ಲಿ ಆ ಕಾಲೇಜಿನ ಕೆಲಸ ಬಿಟ್ಟು ಊರಿನಿಂದ ಹೊರಟರು.