ವಾರ್ಡಿನ ‘ಬ್ರದರ್’

ಕರ್ನಾಟಕದ ಆಸ್ಪತ್ರೆಗಳಲ್ಲಿ ‘ಬ್ರದರ್’ ಎಂದರೆ ನರ್ಸಿಂಗ್ ಕೆಲಸದಲ್ಲಿರುವ ಗಂಡಸು. ‘ಬ್ರದರ್, ಡ್ರಿಪ್ ಮುಗೀತು’, ‘ನೈಟ್ ಡ್ಯೂಟಿ ಬ್ರದರ್ ಯಾರು?’, ‘ಬ್ರದರ್ ಬಂದು ಡ್ರೆಸಿಂಗ್ ಮಾಡಿ ಹೋದ್ರು’ ಎಂಬಲ್ಲೆಲ್ಲ ಅದು ನೆಂಟಸ್ತಿಕೆಯ ಮಾತಲ್ಲ, ಹುದ್ದೆಯ ಹೆಸರು. ಬೀದಿಯಲ್ಲಿ ಅದೇ ಪದದ ನಡತೆ ಬೇರೆ. ಆಟೊದವನು ಪಕ್ಕದ ಬೈಕಿನವನಿಗೆ ‘ಬ್ರದರ್, ಸ್ವಲ್ಪ ಸೈಡ್’ ಎನ್ನುವಾಗ ಅದು ಸರೀಕರ ನಡುವಿನ ಸಲುಗೆ. ಕಾಲೇಜು ಹುಡುಗರ ಬಾಯಲ್ಲಿ ಸವೆದು ‘ಬ್ರೋ’ ಆಗಿದೆ. ವಾರ್ಡಿನಲ್ಲಿ ಅದು ಸವೆದಿಲ್ಲ. ಅಲ್ಲಿ ಪೂರ್ತಿ ಪದ, ಜೊತೆಗೆ ಗೌರವದ ಬಹುವಚನ: ಬ್ರದರ್ ಬಂದ್ರು, ಬ್ರದರ್ ಹೇಳಿದ್ರು.

ಈ ಅರ್ಥದ ‘ಬ್ರದರ್’ ಬಂದದ್ದು ‘ಸಿಸ್ಟರ್’ನ ಜೋಡಿಯಾಗಿ. ಸಿಸ್ಟರ್ ಎಂಬುದಕ್ಕೆ ಎರಡು ಬೇರುಗಳಿವೆ. ರೋಗಿಗಳ ಸೇವೆಗೆ ನಿಂತ ಕ್ರೈಸ್ತ ಸನ್ಯಾಸಿನಿಯರು ಒಂದು. ಬ್ರಿಟಿಷ್ ಆಸ್ಪತ್ರೆಗಳಲ್ಲಿ ಇಡೀ ವಾರ್ಡಿನ ಹೊಣೆ ಹೊತ್ತ ಹಿರಿಯ ನರ್ಸಿಗಿದ್ದ ಪದವಿ ಇನ್ನೊಂದು. ನಮ್ಮಲ್ಲಿ ಆ ಮೇಲು-ಕೆಳಗು ಅಳಿಸಿಹೋಗಿ, ಬಿಳಿ ಉಡುಪಿನ ಪ್ರತಿ ಹೆಂಗಸೂ ಸಿಸ್ಟರ್ ಆದಳು. ಇಂಗ್ಲೆಂಡಿನಲ್ಲಿ ಗಂಡಸೊಬ್ಬ ಆ ಪದವಿಗೆ ಏರಿದರೆ ಅವನನ್ನು ಬ್ರದರ್ ಎನ್ನಲಿಲ್ಲ, ‘ಚಾರ್ಜ್ ನರ್ಸ್’ ಎಂದರು. ಇಲ್ಲಿ ಮಾತ್ರ ಜನ ಅಕ್ಕನಿಗೆ ಅಣ್ಣನನ್ನು ಜೋಡಿಸಿದರು. ಆದರೂ ಕನ್ನಡ ಇಬ್ಬರನ್ನೂ ಒಂದೇ ಹದದಲ್ಲಿ ಒಳಗೆ ಕರೆದುಕೊಂಡಿಲ್ಲ. ಸಿಸ್ಟರಿಗೆ ‘ಅಮ್ಮ’ ಸೇರಿ ‘ಸಿಸ್ಟರಮ್ಮ’ ಆಯಿತು, ನರ್ಸ್ ‘ನರ್ಸಮ್ಮ’ ಆದಳು. ‘ನರ್ಸಪ್ಪ’ ಎಂಬ ಮಾತು ಬೇರೂರಲಿಲ್ಲ. ಬ್ರದರಿಗೂ ಯಾರೂ ‘ಅಪ್ಪ’ನನ್ನು ಸೇರಿಸಲಿಲ್ಲ.

ಇದಕ್ಕೆ ಕಾರಣ ಹಳೆಯ ಪದಗಳ ಒಡಲಲ್ಲೇ ಇದೆ. ಇಂಗ್ಲಿಷಿನ ‘ನರ್ಸ್’ ಹಾಲೂಡಿಸು, ಪೋಷಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಮೊದಲ ಅರ್ಥದಲ್ಲಿ ಆಕೆ ಬೇರೆಯವರ ಮಗುವಿಗೆ ಮೊಲೆಯುಣಿಸುವವಳು. ಕನ್ನಡದ ‘ದಾದಿ’ಯೂ ಅದೇ ಮನೆಯಿಂದ ಬಂದವಳು. ಸಂಸ್ಕೃತದ ‘ಧಾತ್ರಿ’ಯ ತದ್ಭವವೆಂದು ಅದನ್ನು ಹೇಳುತ್ತಾರೆ, ಧಾತ್ರಿ ಎಂದರೂ ಹಾಲೂಡಿಸುವ ಸಾಕುತಾಯಿಯೇ. ಹೀಗೆ ದೂರದೂರದ ಎರಡು ಭಾಷೆಗಳು ಒಂದೇ ಕೆಲಸವನ್ನು ಹೆಣ್ಣಿನ ಎದೆಹಾಲಿನಿಂದ ಗುರುತಿಸಿದವು. ಅಂಥ ಪದಕ್ಕೆ ಪುಲ್ಲಿಂಗ ಹುಟ್ಟುವುದು ಹೇಗೆ? ಮೇ 12ರಂದು ಆಸ್ಪತ್ರೆಯ ಸಭಾಂಗಣದಲ್ಲಿ ‘ದಾದಿಯರ ದಿನಾಚರಣೆ’ ಎಂಬ ಬ್ಯಾನರ್ ಕಟ್ಟುತ್ತಾರೆ. ಅದರ ಕೆಳಗೆ ಮೇಣದ ಬತ್ತಿ ಹಿಡಿದು ಪ್ರತಿಜ್ಞೆ ಓದುವ ಸಾಲಿನಲ್ಲಿ ಗಂಡುಮಕ್ಕಳೂ ನಿಂತಿರುತ್ತಾರೆ. ಪ್ರತಿಜ್ಞೆ ಅವರದೂ ಹೌದು, ತಲೆಯ ಮೇಲಿನ ಬ್ಯಾನರಿನಲ್ಲಿ ಅವರಿಲ್ಲ.

‘ಶುಶ್ರೂಷೆ’ಯ ಹುಟ್ಟು ಬೇರೆ. ‘ಶ್ರು’ ಎಂದರೆ ಕೇಳು. ಶುಶ್ರೂಷೆ ಎಂದರೆ ಮೂಲದಲ್ಲಿ ಕೇಳಬೇಕೆಂಬ ಬಯಕೆ. ಗುರುವಿನ ಮಾತಿಗೆ ಕಿವಿಗೊಟ್ಟು ಹತ್ತಿರ ನಿಲ್ಲುವುದರಿಂದ ಅವನ ಸೇವೆ ಎಂಬ ಅರ್ಥ ಬಂತು, ಅಲ್ಲಿಂದ ರೋಗಿಯ ಆರೈಕೆಗೆ ಪದ ಹರಿಯಿತು. ನರಳುವವನ ಬಳಿ ನಿಂತವರು ಮೊದಲು ಮಾಡಬೇಕಾದ ಕೆಲಸವನ್ನೇ ಹೆಸರಾಗಿ ಹೊತ್ತ ಪದವಿದು. ಇದರಲ್ಲಿ ಹಾಲಿಲ್ಲ, ಹೆಣ್ಣು-ಗಂಡೆಂಬುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯ ವೈದ್ಯ, ಔಷಧ, ರೋಗಿ, ಪರಿಚಾರಕ ಎಂಬ ನಾಲ್ಕನ್ನು ಚಿಕಿತ್ಸೆಯ ನಾಲ್ಕು ಪಾದಗಳೆನ್ನುತ್ತದೆ. ಪರಿಚಾರಕನಿಗೆ ಬೇಕಾದದ್ದು ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯ ಮೇಲೆ ಅಕ್ಕರೆ ಮತ್ತು ಶುಚಿತ್ವ. ಅಲ್ಲಿಯ ಪದ ಪುಲ್ಲಿಂಗದ್ದು. ಹಾಗಿದ್ದೂ ಇಂದಿನ ಪತ್ರಿಕೆಗಳು ‘ಪುರುಷ ಶುಶ್ರೂಷಕ’ ಎಂದು ಬರೆಯುತ್ತವೆ. ಶುಶ್ರೂಷಕ ಎಂದಾಗಲೇ ಪುರುಷ ಅಲ್ಲಿದ್ದಾನೆ. ‘ಪುರುಷ’ ಎಂದು ಮುಂದೆ ಸೇರಿಸುವುದು ಓದುಗರ ಬೆರಗನ್ನು ಸಮಾಧಾನಪಡಿಸಲಿಕ್ಕೆ. ‘ಶುಶ್ರೂಷಕರು’ ಎಂಬ ಬಹುವಚನವಂತೂ ಗಂಡು ಹೆಣ್ಣು ಇಬ್ಬರನ್ನೂ ಒಳಗೊಳ್ಳುತ್ತದೆ. ಬ್ಯಾನರಿಗೆ ಬೇಕಾಗಿದ್ದ ಪದ ಅದೇ.

ಗಂಡಸರು ಈ ಕೆಲಸಕ್ಕೆ ಹೊಸಬರೆಂಬ ನಂಬಿಕೆಗೆ ಚರಿತ್ರೆಯ ಆಧಾರವಿಲ್ಲ. 16ನೇ ಶತಮಾನದಲ್ಲಿ ಇಟಲಿಯ ಕ್ಯಾಮಿಲಸ್ ಡಿ ಲೆಲ್ಲಿಸ್ ರೋಗಿಗಳ ಸೇವೆಗೆಂದೇ ಗಂಡಸರ ಧಾರ್ಮಿಕ ಸಂಘ ಕಟ್ಟಿದ. ಅವರ ಉಡುಪಿನ ಮೇಲಿದ್ದ ಗುರುತು ಕೆಂಪು ಶಿಲುಬೆ. ಅಲೆಕ್ಸಿಯನ್ ಬ್ರದರ್ಸ್ ಎಂಬ ಪಂಥದಲ್ಲಿ ಬ್ರದರ್ ಎಂಬುದು ರೋಗಿಗಳನ್ನು ನೋಡಿಕೊಳ್ಳುವವನ ನಿಜವಾದ ಬಿರುದೇ ಆಗಿತ್ತು. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾದ ಮೇಲೆ ನರ್ಸಿಂಗ್ ಹೆಂಗಸರ ವೃತ್ತಿಯಾಗಿ ಗಟ್ಟಿಗೊಂಡಿತು. ಹೆಣ್ಣುಮಕ್ಕಳಿಗೆ ಅದು ಮರ್ಯಾದೆಯ ದುಡಿಮೆಯನ್ನು ಕೊಟ್ಟಿತು. ಗಂಡಸರು ಅಂಚಿಗೆ ಸರಿದರು. ಬ್ರಿಟನ್ನಿನ 1919ರ ನೋಂದಣಿ ಕಾಯ್ದೆ ಅವರ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆಯಿತು, ಅಲ್ಲಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಅವರಿಗೆ ಸದಸ್ಯತ್ವ ಕೊಟ್ಟದ್ದು 1960ರಲ್ಲಿ. ಅಮೆರಿಕದ ಸೇನೆಯ ನರ್ಸ್ ದಳದಲ್ಲಿ ಮೊದಲ ಗಂಡಸು ಅಧಿಕಾರಿಯಾದದ್ದು 1955ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ಜಗತ್ತಿನ ಶುಶ್ರೂಷಕರಲ್ಲಿ ನೂರಕ್ಕೆ ಸುಮಾರು 90 ಮಂದಿ ಆಗಲೂ ಹೆಂಗಸರೇ ಆಗಿದ್ದರು.

‘ಬ್ರದರ್’ ಎಂಬ ಪದದ ಬೆಲೆ ತಿಳಿಯುವುದು ಗಂಡಸರ ವಾರ್ಡಿನಲ್ಲಿ, ಅದರಲ್ಲೂ ರಾತ್ರಿ. ಹರ್ನಿಯಾ ಆಪರೇಷನ್ ಆದ ಮುದುಕರೊಬ್ಬರಿಗೆ ಸಂಜೆಯಿಂದ ಮೂತ್ರ ಕಟ್ಟಿದೆ. ಸಿಸ್ಟರ್ ಎರಡು ಸಲ ಬಂದು ಕೇಳಿದಾಗಲೂ ‘ಏನಿಲ್ಲಮ್ಮ, ಆರಾಮಿದೀನಿ’ ಎಂದು ಹೊದಿಕೆ ಎಳೆದುಕೊಂಡಿದ್ದಾರೆ. ಹನ್ನೊಂದಕ್ಕೆ ಬ್ರದರ್ ಮಂಚದ ಹತ್ತಿರ ಬಂದು ಬಗ್ಗಿದಾಗ ಅವನ ಮುಂಗೈ ಹಿಡಿದು ‘ತಮ್ಮಾ, ಭಾಳ ನೋಯ್ತಾ ಐತಪ್ಪ’ ಎನ್ನುತ್ತಾರೆ. ಪರದೆ ಎಳೆಯುವುದು, ಕೈಗವಸು ತೊಡುವುದು, ಜೆಲ್ ಹಚ್ಚಿದ ಕ್ಯಾತಿಟರನ್ನು ಅವಸರವಿಲ್ಲದೆ ಒಳಗಿಳಿಸುವುದು, ಚೀಲಕ್ಕೆ ಮೂತ್ರ ಹರಿಯುವಾಗ ಮುದುಕರ ಮುಖದ ಬಿಗಿ ಸಡಿಲುವುದನ್ನು ಗಮನಿಸುವುದು, ಎಷ್ಟು ಮಿಲಿಲೀಟರ್ ಎಂದು ಚಾರ್ಟಿನಲ್ಲಿ ಬರೆಯುವುದು. ಕೆಲಸ ಎಲ್ಲ ಕಾಲು ಗಂಟೆಯದು. ಆದರೆ ಅದಕ್ಕೆ ಮೊದಲು ನಾಲ್ಕು ಗಂಟೆ ಆ ಮನುಷ್ಯ ನಾಚಿಕೆಯಿಂದ ನೋವು ನುಂಗಿದ್ದರು. ಇಂಥ ಕಡೆ ಗಂಡಸು ಶುಶ್ರೂಷಕ ಇರುವುದು ಅನುಕೂಲವಷ್ಟೇ ಅಲ್ಲ, ರೋಗಿಯ ಹಕ್ಕು.

ಇದೇ ಪದ ಇನ್ನೊಂದು ಕಡೆ ಭಾರವಾಗುತ್ತದೆ. ಭಾರದ ರೋಗಿಯನ್ನು ಮಗ್ಗುಲಿಗೆ ತಿರುಗಿಸಬೇಕಾದರೆ ಬ್ರದರ್, ಕುಡಿದು ಗಲಾಟೆ ಮಾಡುವವನನ್ನು ಹಿಡಿಯಬೇಕಾದರೆ ಬ್ರದರ್, ಮನೋರೋಗದ ವಾರ್ಡಿನಲ್ಲಿ ಯಾರಾದರೂ ಕೆರಳಿದರೆ ಬ್ರದರ್. ನಾಲ್ಕು ವರ್ಷ ಅಂಗರಚನೆ, ಔಷಧಶಾಸ್ತ್ರ ಓದಿ ಬಂದವನು ತೋಳ್ಬಲಕ್ಕೆ ಇಳಿದುಬಿಡುತ್ತಾನೆ. ಅಕ್ಕರೆಯಿಂದ ಕೂದಲು ಬಾಚುವ, ಗಂಜಿ ಕುಡಿಸುವ ಕೆಲಸ ಅವನಿಗೂ ಬರುತ್ತದೆ ಎಂಬುದು ಮರೆತುಹೋಗುತ್ತದೆ.

ಹೆರಿಗೆ ಕೋಣೆಯ ಬಾಗಿಲಲ್ಲಿ ಪದ ಪೂರ್ತಿ ನಿಂತುಬಿಡುತ್ತದೆ. ಬಿಎಸ್ಸಿ ನರ್ಸಿಂಗಿನಲ್ಲಿ ಪ್ರಸೂತಿ ಶುಶ್ರೂಷೆ ಎಲ್ಲರೂ ಓದಲೇಬೇಕಾದ ವಿಷಯ. ನೋಡಿದ ಹೆರಿಗೆಗಳನ್ನೂ ಮಾಡಿಸಿದ ಹೆರಿಗೆಗಳನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಹುಡುಗಿಯರು ಒಳಗೆ ಹೋಗುತ್ತಾರೆ. ಹುಡುಗ ಒಪ್ಪಿಗೆಗಾಗಿ ಹೊರಗೆ ಕಾಯುತ್ತಾನೆ. ಹೆರುವವಳ ಅತ್ತೆ ‘ಗಂಡು ಹುಡ್ಗ ಬ್ಯಾಡ’ ಎಂದರೆ ಅಂದಿನ ಪಾಠ ಅಲ್ಲಿಗೆ ಮುಗಿಯಿತು. ಒಳಗಿರುವ ಪ್ರಸೂತಿ ತಜ್ಞ ಗಂಡಸಾದರೆ ಆಕ್ಷೇಪ ಏಳುವುದು ಕಡಿಮೆ, ಏಕೆಂದರೆ ‘ಡಾಕ್ಟರ್’ ಎಂಬ ಪದಕ್ಕೆ ಲಿಂಗ ಅಂಟಿಲ್ಲ. ಹೆರುವ ಹೆಣ್ಣಿನ ‘ಬೇಡ’ಕ್ಕೆ ತಲೆಬಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ‘ಬೇಡ’ವನ್ನು ಆಕೆಯನ್ನು ಕೇಳದೆ ಆಕೆಯ ಪರವಾಗಿ ಬೇರೆಯವರು ಹೇಳುವುದು ಸರಿಯಲ್ಲ. ಮೇಲಿನ ಮುದುಕರ ಸಂಕೋಚಕ್ಕೂ ಇದೇ ತೂಕ ಸಿಗಬೇಕಿತ್ತು. ಗಂಡಸು ರೋಗಿಯ ಮೈ ಮುಟ್ಟುವ ಮುಂಚೆ ಸಿಸ್ಟರ್ ಪರವಾಗಿಲ್ಲವೇ ಎಂದು ಕೇಳುವ ರೂಢಿಯೇ ಇಲ್ಲ.

ಕನ್ನಡದ ‘ಸೂಲಗಿತ್ತಿ’ಯಲ್ಲಿ ‘ಗಿತ್ತಿ’ ಎಂಬ ಸ್ತ್ರೀಲಿಂಗದ ಕೊನೆ ಗಟ್ಟಿಯಾಗಿ ಕೂತಿದೆ. ಪಾವಗಡ ತಾಲ್ಲೂಕಿನ ನರಸಮ್ಮನವರ ಹೆಸರಿನ ಮುಂದೆ ಅದು ಬಿರುದಾಗಿ ನಿಂತು, 2018ರಲ್ಲಿ ಪದ್ಮಶ್ರೀ ಪಡೆದ ‘ಸೂಲಗಿತ್ತಿ ನರಸಮ್ಮ’ ಎಂದೇ ನಾಡು ಅವರನ್ನು ನೆನೆಯುತ್ತದೆ. ಇಂಗ್ಲಿಷಿನ ‘ಮಿಡ್‌ವೈಫ್’ ಕೂಡ ಹೆಣ್ಣೆಂದೇ ಕಾಣುತ್ತದೆ. ಬಿಡಿಸಿದರೆ ಬೇರೆ ಅರ್ಥವೂ ಹೊರಡುತ್ತದೆ: ಹಳೆಯ ಇಂಗ್ಲಿಷಿನಲ್ಲಿ ‘ಮಿಡ್’ ಎಂದರೆ ಜೊತೆ, ‘ವೈಫ್’ ಎಂದರೆ ಹೆಂಗಸು. ಆ ಹೆಂಗಸು ಹೆರುವವಳು ಎಂದು ವಿವರಿಸುವುದುಂಟು. ಹಾಗೆ ನೋಡಿದರೆ ಮಿಡ್‌ವೈಫ್ ಎಂದರೆ ಅವಳ ಜೊತೆಗಿರುವವರು, ಯಾರಾದರೂ ಸರಿ.

ಆಸ್ಪತ್ರೆಯ ಹೊರಗೆ ಈ ಅರ್ಥದ ‘ಬ್ರದರ್’ ಉಪಯೋಗಕ್ಕೆ ಬರುವುದಿಲ್ಲ. ಹಳ್ಳಿಗೆ ಹೋದರೆ ಅವನು ‘ಡಾಕ್ಟ್ರು’, ಇಲ್ಲವೇ ಹಳೆಯ ನೆನಪಿನ ‘ಕಾಂಪೌಂಡರ್’. ಹೆಣ್ಣು ನೋಡಲು ಹೋದ ಮನೆಯಲ್ಲಿ ‘ಹುಡುಗ ಏನ್ಮಾಡ್ತಾನೆ?’ ಎಂದರೆ ಅಪ್ಪ ‘ಆಸ್ಪತ್ರೇಲಿ ಕೆಲಸ’ ಎಂದು ಮಾತು ತೇಲಿಸುತ್ತಾನೆ. ದುಬೈಯಲ್ಲೋ ಐರ್ಲೆಂಡಿನಲ್ಲೋ ಕೆಲಸ ಸಿಕ್ಕಿತೆಂದರೆ ಅದೇ ಅಪ್ಪ ‘ನರ್ಸಿಂಗ್’ ಎಂದು ಬಾಯಿ ತುಂಬ ಹೇಳುತ್ತಾನೆ. ಓದಿದ್ದು ಒಂದೇ, ಮಾಡುವುದೂ ಒಂದೇ. ನಾಚಿಕೆ ಕಳೆದದ್ದು ಸಂಬಳ.

ನೇಮಕಾತಿಯ ಭಾಷೆಯೂ ಹೆಣ್ಣನ್ನು ಎಣಿಸಿಕೊಂಡೇ ಬೆಳೆದದ್ದು. ಹಳ್ಳಿಗಳಲ್ಲಿ ಕೆಲಸ ಮಾಡುವ ಎಎನ್ಎಂಗಳ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ತರಬೇತಿ ಹೆಣ್ಣುಮಕ್ಕಳಿಗೆ ಮಾತ್ರ. ಸೇನೆಯ ಮಿಲಿಟರಿ ನರ್ಸಿಂಗ್ ಸರ್ವೀಸಿನ ಅಧಿಕಾರಿ ಹುದ್ದೆಗಳಿಗೆ ಸೇರುವವರೂ ಹೆಂಗಸರೇ. ಸೈನಿಕರ ಗಾಯಕ್ಕೆ ಮದ್ದು ಕಟ್ಟುವ ಗಂಡಸರು ‘ನರ್ಸಿಂಗ್ ಅಸಿಸ್ಟೆಂಟ್’ ಎಂಬ ಕೆಳಗಿನ ದರ್ಜೆಯಲ್ಲಿರುತ್ತಾರೆ. ಏಮ್ಸ್ ಆಸ್ಪತ್ರೆಗಳು 2019ರಲ್ಲಿ ನರ್ಸಿಂಗ್ ಹುದ್ದೆಗಳನ್ನು ನೂರಕ್ಕೆ ಹೆಂಗಸರಿಗೆ 80, ಗಂಡಸರಿಗೆ 20 ಎಂದು ಹಂಚಲು ನಿರ್ಧರಿಸಿದವು. ಹೆಣ್ಣು ರೋಗಿಗಳಿಗೆ ಹೆಣ್ಣು ಶುಶ್ರೂಷಕರು ಸಾಕಷ್ಟು ಇರಬೇಕೆಂಬುದು ನ್ಯಾಯವಾದ ಮಾತು. ಆದರೆ ಗಂಡಸರ ವಾರ್ಡುಗಳ ಮಂಚಗಳನ್ನು ಎಣಿಸಿದರೆ 20 ಸಾಲದು.

ಪದನಾಮ ಮಾತ್ರ ಈಚೆಗೆ ಬದಲಾಗಿದೆ. ಕೇಂದ್ರ ಸರ್ಕಾರ 2016ರಲ್ಲಿ ‘ಸ್ಟಾಫ್ ನರ್ಸ್’ ಎಂಬುದನ್ನು ‘ನರ್ಸಿಂಗ್ ಆಫೀಸರ್’ ಮಾಡಿತು, ಕರ್ನಾಟಕ 2021ರಲ್ಲಿ ಅದನ್ನೇ ಅನುಸರಿಸಿತು, ಕನ್ನಡದಲ್ಲಿ ‘ಶುಶ್ರೂಷಾಧಿಕಾರಿ’. ಕತ್ತಿನ ಗುರುತಿನ ಚೀಟಿಯ ಮೇಲೆ ಹೆಂಗಸಿಗೂ ಗಂಡಸಿಗೂ ಈಗ ಒಂದೇ ಪದ. ಆರಕ್ಷರದ ಆ ಪದ ರೋಗಿಯ ಬಾಯಿಗೆ ಹತ್ತಿಲ್ಲ. ಡ್ರಿಪ್ ಮುಗಿದಾಗ ಮಂಚದ ಪಕ್ಕದಿಂದ ಕೇಳುವುದು ಇವತ್ತಿಗೂ ‘ಬ್ರದರ್’ ಎಂಬ ಕರೆಯೇ.